ಕಾಲುಚೀಲದ ನಡಿಗೆ

ಸರೋವರದ ದಂಡೆಯ ನಮ್ಮ ಊರು ಪೋರ್ಟ್ ಆಲ್ಡನ್‌ನಲ್ಲಿ ಎರಡು ತಂಡಗಳಿಗೆ ಸೇರಿ ಇರುವುದು ಒಂದೇ ನೆಲ. ಶನಿವಾರ ಐಸ್ ಹಾಕಿಯವರು ಅದರ ಮೇಲೆ ಜಾರುತ್ತಾರೆ, ಭಾನುವಾರ ಬ್ಯಾಸ್ಕೆಟ್‌ಬಾಲಿನವರು ಅದೇ ಜಾಗದಲ್ಲಿ ಓಡುತ್ತಾರೆ. ಈ ಎರಡರ ನಡುವೆ ನೆಲವನ್ನು ಬದಲಾಯಿಸುವವರು ನಾವು, ಹದಿನಾಲ್ಕು ಜನ. ಮಂಜುಗಡ್ಡೆಯನ್ನು ಕರಗಿಸುವುದಿಲ್ಲ. ಮತ್ತೆ ಕಟ್ಟಿಸಲು ಮೂರು ದಿನ ಬೇಕು. ಅದರ ಮೇಲೆ ಶಾಖ ತಡೆಯುವ ಕಪ್ಪು ಹಲಗೆ ಹಾಸುತ್ತೇವೆ, ಅದರ ಮೇಲೆ ಇನ್ನೂರ ಇಪ್ಪತ್ತೈದು ಮರದ ಹಲಗೆಗಳನ್ನು ನಂಬರು ನೋಡಿಕೊಂಡು ಜೋಡಿಸುತ್ತೇವೆ. ಜನ ಬಂದು ಕೂರುವ ಹೊತ್ತಿಗೆ ಅಡಿಯಲ್ಲಿ ಒಂದು ಕೆರೆಯಷ್ಟು ಮಂಜು ಮಲಗಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಹಾಗೆ ನೆನಪಾಗದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ಆ ಕಟ್ಟಡವನ್ನು ಊರಿನವರು ಡಬ್ಬ ಎನ್ನುತ್ತಾರೆ. ತಗಡಿನ ಗುಂಡು ಛಾವಣಿ, ಒಳಗೆ ಐದು ಸಾವಿರ ಕುರ್ಚಿ. ಪಾರ್ಕಿಂಗ್ ಜಾಗ ದಾಟಿದರೆ ಬೇಸ್‌ಬಾಲ್ ಮೈದಾನ. ಅದರ ತಂಡ ಹೋಗಿ ಹನ್ನೆರಡು ವರ್ಷವಾಯಿತು. ದೀಪದ ಕಂಬಗಳು ನಿಂತಿವೆ, ಹುಲ್ಲನ್ನು ಕೌಂಟಿಯವರು ಕತ್ತರಿಸುತ್ತಾರೆ, ಸರೋವರದ ಕಡೆಯಿಂದ ಹೆಬ್ಬಾತುಗಳು ಬಂದು ಅಲ್ಲಿ ಓಡಾಡಿಕೊಂಡಿರುತ್ತವೆ. ತಂಡ ಊರು ಬಿಟ್ಟರೆ ಏನಾಗುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬರುವಾಗ ಕಾರಿನ ಕಿಟಕಿಯಲ್ಲೇ ಕಾಣುತ್ತದೆ.

ನಾನು ಡಬ್ಬಕ್ಕೆ ಬಂದು ಹತ್ತೊಂಬತ್ತು ವರ್ಷ. ಕಾಲೇಜಿನಲ್ಲಿ ಇತಿಹಾಸ ಓದಿದ್ದೆ. ಒಂದು ಚಳಿಗಾಲ ಕಳೆಯಲೆಂದು ಸೇರಿದವಳು ಉಳಿದುಬಿಟ್ಟೆ. ಮಾತು ಕಡಿಮೆ ಇರುವ ಕೆಲಸ, ಅದು ನನಗೆ ಒಗ್ಗಿತು. ಏಳು ವರ್ಷದಿಂದ ನೆಲದ ಮೇಸ್ತ್ರಿ ನಾನೇ. ನನಗಿಂತ ಮೊದಲು ಏಲ್ವಿನ್ ಪ್ರೂಯಿಟ್ ಎಂಬ ಮುದುಕರಿದ್ದರು. ಕಾಲುಚೀಲದ ನಡಿಗೆ ಅವರು ಶುರುಮಾಡಿದ್ದು.

ನಡಿಗೆ ಎಂದರೆ ಇಷ್ಟೇ. ನೆಲ ಹಾಸಿ ಮುಗಿದ ಮೇಲೆ ಮೇಸ್ತ್ರಿಯಾದವರು ಬೂಟು ಕಳಚಿ, ಹೊಸ ಬಿಳಿ ಹತ್ತಿಯ ಕಾಲುಚೀಲ ಹಾಕಿಕೊಂಡು, ಅಂಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ, ನೇಗಿಲು ಹೊಡೆದಂತೆ ಸಾಲು ಬಿಡದೆ ನಡೆಯಬೇಕು. ಹೊರಗಿನ ಸೆಕೆ ಒಳಗೆ ಬಂದರೆ ತಣ್ಣನೆಯ ಮರದ ಮೇಲೆ ಕಣ್ಣಿಗೆ ಕಾಣದ ತೇವ ಕೂರುತ್ತದೆ. ಗೋಡೆಗೆ ಹಾಕಿದ ಯಂತ್ರ ಗಾಳಿಯ ತೇವ ಹೇಳುತ್ತದೆ, ಮರದ್ದನ್ನು ಹೇಳುವುದಿಲ್ಲ. ಮರದ ತೇವ ಪಾದಕ್ಕೆ ಗೊತ್ತಾಗುತ್ತದೆ. ನಡಿಗೆಯ ಹೊತ್ತಿನಲ್ಲಿ ಯಾರೂ ಚೆಂಡು ಪುಟಿಸುವುದಿಲ್ಲ, ಮಾತಾಡುವುದಿಲ್ಲ. ಮುಗಿದ ಮೇಲೆ ಮೇಸ್ತ್ರಿ ಹಳದಿ ಚೀಟಿಗೆ ಸಹಿ ಹಾಕುತ್ತಾರೆ. ಆ ಚೀಟಿ ಕೈಗೆ ಬರದೆ ರೆಫರಿಗಳು ಅಂಕಣಕ್ಕೆ ಇಳಿಯುವುದಿಲ್ಲ. ಏಳು ವರ್ಷದಲ್ಲಿ ಸಹಿ ಹಾಕದೆ ಇದ್ದದ್ದು ಒಮ್ಮೆಯೂ ಇಲ್ಲ.

ಏಪ್ರಿಲ್ ತಿಂಗಳ ಆ ಭಾನುವಾರ ಮಧ್ಯಾಹ್ನ ಮೂರಕ್ಕೆ ಸ್ಟೋಕರ್ಸ್ ಎಂಬ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತಿನ ಪಂದ್ಯವಿತ್ತು. ಒಂಬತ್ತು ವರ್ಷದ ಮೇಲೆ ಬಂದ ಪ್ಲೇಆಫ್. ಮಾಲೀಕರು ತಂಡವನ್ನು ದಕ್ಷಿಣದ ಒಂದು ಹೊಸ ಊರಿಗೆ ಒಯ್ಯುವ ಮಾತಾಡುತ್ತಿದ್ದರು. ಈ ಪಂದ್ಯಕ್ಕೆ ಡಬ್ಬ ತುಂಬಿದರೆ, ತುಂಬಿದ್ದು ಟಿವಿಯಲ್ಲಿ ಕಂಡರೆ, ಇನ್ನೈದು ವರ್ಷಕ್ಕೆ ಕರಾರು ಬರೆದುಕೊಡುವುದಾಗಿ ನಮ್ಮ ಮ್ಯಾನೇಜರ್ ಕ್ರೇಗ್ ಹೋಸ್ಟೆಟ್ಲರ್‌ಗೆ ಹೇಳಿದ್ದರಂತೆ. ತಂಡ ಹೋದರೆ ಹಾಸುವುದಕ್ಕೆ ನೆಲವೇ ಇರುವುದಿಲ್ಲ. ಹದಿನಾಲ್ಕರಲ್ಲಿ ಏಳೆಂಟು ಜನ ಮನೆಗೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಆ ಬೆಳಿಗ್ಗೆ ಆರು ಗಂಟೆಗೆ ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದಿದ್ದರು.

ಹಾಸುವುದು ಚೆನ್ನಾಗಿ ಆಯಿತು. ಹನ್ನೊಂದಕ್ಕೆ ಕೊನೆಯ ಹಲಗೆ ಕೂತಿತು. ಅಷ್ಟರಲ್ಲಿ ಟಿವಿಯವರ ಲಾರಿ ಬಂತು, ಅವರು ತಂತಿ ಎಳೆಯಲೆಂದು ಹಿಂಬದಿಯ ದೊಡ್ಡ ಬಾಗಿಲನ್ನು ಮೇಲಕ್ಕೆತ್ತಿದೆವು.

ಹೊರಗೆ ಬಿಸಿಲಿತ್ತು.

ಅಕ್ಟೋಬರಿನಿಂದ ಈಚೆಗೆ ಅಂಥ ಬಿಸಿಲನ್ನು ನಾವು ನೋಡಿರಲಿಲ್ಲ. ಆರು ತಿಂಗಳು ಸರೋವರದ ಮೇಲೆ ಬೂದಿ ಬಣ್ಣದ ಮೋಡ ಮುಚ್ಚಿಕೊಂಡೇ ಇರುತ್ತದೆ. ಬೆಳಿಗ್ಗೆ ಕತ್ತಲಲ್ಲಿ ಡಬ್ಬ ಹೊಕ್ಕು ಸಂಜೆ ಕತ್ತಲಲ್ಲೇ ಹೊರಗೆ ಬರುತ್ತೇವೆ. ಆ ದಿನ ದಕ್ಷಿಣದಿಂದ ಬೆಚ್ಚನೆಯ, ತೇವದ ಗಾಳಿ ಬೀಸುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಲಾರಿ ನಿಲ್ಲುವ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಊಟದ ಡಬ್ಬಿಗಳು ಬಿಚ್ಚಿಕೊಂಡವು. ರೂಡಿ ಒಕಾಸಿಯೊ ಅಂಗಿ ಕಳಚಿ ಬನಿಯನ್ನಿನಲ್ಲಿ ಕೂತ. ಅವನು ನನ್ನ ಜೊತೆ ಹನ್ನೊಂದು ವರ್ಷದಿಂದ ಹಲಗೆ ಹೊರುವವನು, ನನಗಿಂತ ಹತ್ತು ವರ್ಷ ಚಿಕ್ಕವನು. ಬನಿಯನ್ನಿನಡಿ ಇಣುಕಿದ ಅವನ ಬಿಳಿಚಿದ ಹೊಟ್ಟೆ ನೋಡಿ ಯಾರೋ, ಹಾಕಿ ತಂಡದವರು ಇದನ್ನು ಮಂಜುಗಡ್ಡೆ ಅಂದುಕೊಂಡು ಆಟದ ಗೆರೆ ಎಳೆದಾರು ಎಂದರು. ಅವನು ನಗುತ್ತಾ ತನ್ನ ತಾಯಿ ಮಾಡಿದ ಹಂದಿಮಾಂಸದ ಅನ್ನವನ್ನು ಎಲ್ಲರಿಗೂ ಹಂಚಿದ.

ಟಿವಿಯವರ ತಂತಿ ಒಳಗೆ ಹೋಗಿ ಆಗಿತ್ತು. ಬಾಗಿಲನ್ನು ಒಂದಡಿ ಬಿಟ್ಟು ಇಳಿಸಬಹುದಿತ್ತು.

"ಬಾಸ್, ಬಾಗ್ಲು ಇಳಿಸ್ಲಾ?" ಎಂದು ರೂಡಿ ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿದ.

ನಾನು ಕಣ್ಣು ಮುಚ್ಚಿ ಬಿಸಿಲಿಗೆ ಮುಖವೊಡ್ಡಿದ್ದೆ. ರೆಪ್ಪೆಯ ಒಳಗೆ ಕೆಂಪು ಬೆಳಕು. "ಊಟ ಆಗ್ಲಿ ಬಿಡು," ಎಂದೆ.

ಊಟ ಐವತ್ತು ನಿಮಿಷ ಆಯಿತು. ಬಾಗಿಲು ಇಳಿಸಿದ್ದು ಆಮೇಲೆಯೇ.

ಒಂದು ಗಂಟೆಗೆ ನಡಿಗೆ. ಹೊಸ ಕಾಲುಚೀಲ ಹಾಕಿಕೊಂಡು ಉತ್ತರದ ತುದಿಯಿಂದ ಶುರುಮಾಡಿದೆ. ಆಟಗಾರರು ಚೆಂಡು ಹಿಡಿದು ನಿಂತರು. ಮರ ತಣ್ಣಗಿತ್ತು. ಯಾವಾಗಲೂ ತಣ್ಣಗೇ ಇರುತ್ತದೆ, ಅದು ಕಲ್ಲಿನ ಹಾಗೆ ಒಣ ತಂಪು. ನಡುವಿನ ಗೆರೆ ದಾಟಿದ ಮೇಲೆ ತಂಪು ಬದಲಾಯಿತು. ದಕ್ಷಿಣದ ಬುಟ್ಟಿಯ ಕೆಳಗೆ, ದೊಡ್ಡ ಬಾಗಿಲಿಗೆ ಹತ್ತಿರದ ಆರೇಳು ಸಾಲುಗಳಲ್ಲಿ, ಪಾದ ಇಟ್ಟರೆ ಮರ ಒಂದಿಷ್ಟು ಹಿಡಿದುಕೊಂಡು ಬಿಟ್ಟಂತೆ ಆಗುತ್ತಿತ್ತು. ಕಾಲುಚೀಲ ಕಳಚಿ ಅದರ ಅಡಿಭಾಗ ನೋಡಿದೆ. ಬೆಳ್ಳಗೆ, ಒಣಗೇ ಇತ್ತು. ಬಗ್ಗಿ ಅಂಗೈ ಸವರಿದೆ. ಕೈಗೆ ಏನೂ ಹತ್ತಲಿಲ್ಲ. ಮತ್ತೆ ಕಾಲಿಟ್ಟೆ. ಇತ್ತು.

ಹೋಸ್ಟೆಟ್ಲರ್ ಚೀಟಿ ಹಿಡಿದು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ನೀಲಿ ಕೋಟು, ತಂಡದ ಬಣ್ಣದ ಟೈ. ದಕ್ಷಿಣದ ತುದಿಯಲ್ಲಿ ತೇವ ಕೂತಿದೆ ಎಂದೆ. ಅವರೂ ಬಗ್ಗಿ ಕೈಯಾಡಿಸಿ, ಬೆರಳು ಬೆರಳು ಉಜ್ಜಿ ನೋಡಿಕೊಂಡರು. ನನಗೆ ಏನೂ ಗೊತ್ತಾಗುತ್ತಿಲ್ಲವಲ್ಲ ಎಂದರು. ಈಗ ಗೊತ್ತಾಗುವುದಿಲ್ಲ, ಐದು ಸಾವಿರ ಜನರ ಉಸಿರು ಸೇರಿದ ಮೇಲೆ ಗೊತ್ತಾಗುತ್ತದೆ ಎಂದೆ. ಎಲ್ಲ ಬಾಗಿಲುಗಳನ್ನೂ ಮುಚ್ಚಿಟ್ಟು, ತೇವ ಎಳೆಯುವ ಯಂತ್ರಗಳನ್ನು ಪೂರ್ತಿ ಜೋರಾಗಿ ಓಡಿಸಿ, ಎರಡು ತಾಸು ಜನರನ್ನು ಒಳಗೆ ಬಿಡದಿದ್ದರೆ ಒಣಗಬಹುದು ಎಂದೆ. ಅವರು ಗಾಜಿನ ಬಾಗಿಲಿನ ಕಡೆ ತೋರಿಸಿದರು. ಹೊರಗೆ ಸಾಲು ಬೇಸ್‌ಬಾಲ್ ಮೈದಾನದ ಬೇಲಿಯವರೆಗೆ ಹೋಗಿತ್ತು. ಹೆಗಲ ಮೇಲೆ ಮಕ್ಕಳು, ಮುಖಕ್ಕೆ ಕಿತ್ತಳೆ ಬಣ್ಣ. ಟಿವಿಯವರು ಮೂರೂ ನಲವತ್ತರ ತನಕ ಕಾಯುತ್ತಾರೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ, ಜನರನ್ನು ಬಿಸಿಲಲ್ಲಿ ನಿಲ್ಲಿಸಲಿಕ್ಕೂ ಆಗುವುದಿಲ್ಲ ಎಂದರು. ಒಳಗೆ ಬಿಟ್ಟರು.

ಯಂತ್ರಗಳು ಓಡಿದವು. ನಾವು ಹದಿನಾಲ್ಕೂ ಜನ ಒಣ ಟವೆಲ್ಲು ಹಿಡಿದು ದಕ್ಷಿಣದ ತುದಿಯನ್ನು ಒರೆಸಿದೆವು, ಬೀಸಣಿಗೆಗಳನ್ನು ಸಾಲಾಗಿ ಇಟ್ಟೆವು. ಕುರ್ಚಿಗಳು ತುಂಬುತ್ತಾ ಬಂದವು. ಎಷ್ಟೋ ವರ್ಷದಿಂದ ಮುಚ್ಚಿಟ್ಟಿದ್ದ ಮೇಲಿನ ಸಾಲುಗಳೂ ತುಂಬಿದವು. ಆ ಗದ್ದಲ ಕೇಳುತ್ತಾ ಮೊಣಕಾಲೂರಿ ಒರೆಸುವಾಗ ನನಗೆ ಒಂದೇ ಯೋಚನೆ ಇತ್ತು. ಬಾಗಿಲಿನ ವಿಷಯ ಇನ್ನೂ ಯಾರಿಗೂ ಹೇಳಿರಲಿಲ್ಲ. ತೇವ ಎಲ್ಲಿಂದ ಬಂತು ಎಂದು ಹೋಸ್ಟೆಟ್ಲರ್ ಕೇಳಲಿಲ್ಲ, ಹವೆಯೇ ಹೀಗಿದೆ ಅಂದುಕೊಂಡರು. ಚೀಟಿಗೆ ಸಹಿ ಹಾಕಿದರೆ ಯಾರೂ ಕೇಳುವುದೂ ಇಲ್ಲ.

ಎರಡನೆಯ ನಡಿಗೆ ಮೂರು ಗಂಟೆಗೆ. ತುಂಬಿದ ಡಬ್ಬದಲ್ಲಿ ನಡಿಗೆ ನಡೆದದ್ದು ಅದೇ ಮೊದಲು. ಬಿಳಿ ಕಾಲುಚೀಲದ ಹೆಂಗಸೊಬ್ಬಳು ತಲೆ ತಗ್ಗಿಸಿ ಹೋಗಿ ಬರುವುದನ್ನು ಜನ ತಮಾಷೆಯಾಗಿ ನೋಡಿದರು. ಯಾರೋ ಸಿಳ್ಳೆ ಹಾಕಿದರು, ಇನ್ಯಾರೋ ಚಪ್ಪಾಳೆಯ ತಾಳ ಕೊಟ್ಟರು. ಆಮೇಲೆ ಏನೋ ಸರಿಯಿಲ್ಲ ಎಂದು ಅವರಿಗೂ ಅನ್ನಿಸಿರಬೇಕು. ನಾನು ನಡುವಿನ ಗೆರೆ ದಾಟುವ ಹೊತ್ತಿಗೆ ಸದ್ದು ತಾನೇ ಅಡಗಿತು. ಐದು ಸಾವಿರ ಜನ ಬಾಯಿ ಮುಚ್ಚಿಕೊಂಡಿದ್ದರು. ಆ ಮೌನದೊಳಗೆ ನಾನು ನನ್ನ ಪಾದಕ್ಕೆ ಕಿವಿಗೊಟ್ಟೆ.

ಕಡಿಮೆಯಾಗಿತ್ತು. ಹೋಗಿರಲಿಲ್ಲ. ಬುಟ್ಟಿಯ ಕೆಳಗಿನ ನಾಲ್ಕು ಸಾಲುಗಳಲ್ಲಿ, ಆಟಗಾರರು ಮೇಲೆ ಹಾರಿ ಒಂದೇ ಕಾಲಿನ ಮೇಲೆ ಇಳಿಯುವ ಜಾಗದಲ್ಲೇ, ಇನ್ನೂ ಇತ್ತು. ಇದ್ದಂತೆ ಅನ್ನಿಸಿತು. ಭಯಕ್ಕೆ ಪಾದ ಸುಳ್ಳು ಹೇಳುತ್ತಿದೆಯೇ ಎಂದು ಅದೇ ಹಲಗೆಯ ಮೇಲೆ ಮೂರು ಸಲ ನಿಂತೆ.

ಅಂಕಣದ ಅಂಚಿನಲ್ಲಿ ಡೆಶಾನ್ ಮ್ಯಾಬ್ರಿ ಕಾಯುತ್ತಿದ್ದ. ತಂಡದ ಹಿರಿಯ ಆಟಗಾರ, ಇಪ್ಪತ್ತೊಂಬತ್ತು ವಯಸ್ಸು, ಎಡ ಮೊಣಕಾಲಿಗೆ ಪಟ್ಟಿ. ಐದು ಚಳಿಗಾಲ ಇಲ್ಲಿ ಆಡಿದವನು. ಪಂದ್ಯ ಮುಗಿದ ಮೇಲೆ ಎಲ್ಲರೂ ಹೋದರೂ ಇವನು ಬಂದು ನಮಗೆಲ್ಲ ಕೈಕೊಟ್ಟು ಹೋಗುವ ರೂಢಿ. ದೊಡ್ಡ ಲೀಗಿನಿಂದ ಆಟಗಾರರನ್ನು ಆರಿಸುವ ಇಬ್ಬರು ಇವನನ್ನೇ ನೋಡಲು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ಇಂಥ ಅವಕಾಶ ಇವನ ವಯಸ್ಸಿನವರಿಗೆ ಮತ್ತೆ ಬರುವುದಿಲ್ಲ.

ಅವನು ಬಗ್ಗಿ, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದ. "ಮಿಸ್ ಐರೀನ್, ಒಣಗಿದೆ ಅಂದ್ಬಿಡಿ. ಬಿದ್ರೆ ಬೀಳೋನು ನಾನು, ನೀವಲ್ಲ."

"ಅದಕ್ಕೇ ಕಣಪ್ಪಾ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ನಾನು ಬೇಕಾದ್ರೆ ಬರ್ದು ಕೊಡ್ತೀನಿ. ನನ್ನ ಕಾಲು, ನನ್ನಿಷ್ಟ."

ಅವನ ಮೊಣಕಾಲ ಪಟ್ಟಿಯ ಕೆಳಗೆ ಹಳೆಯ ಹೊಲಿಗೆಯ ಗುರುತು ಇಣುಕುತ್ತಿತ್ತು. ಅವನದು ಮಾತ್ರವಲ್ಲ, ಅಂಕಣದಲ್ಲಿ ಇನ್ನೂ ಒಂಬತ್ತು ಜನರ ಕಾಲುಗಳಿದ್ದವು. ಆದರೆ ಹಾಗೆ ಲೆಕ್ಕ ಹಾಕಿ ನಿರ್ಧರಿಸಿದೆ ಎಂದರೆ ಸುಳ್ಳಾಗುತ್ತದೆ. ದಣಿದಿದ್ದೆ. ಏಳು ವರ್ಷದಿಂದ ಸಹಿ ಹಾಕುತ್ತಾ ಬಂದದ್ದು ನಿಜವಾಗಿ ನೋಡಿಯೋ, ರೂಢಿಯಿಂದಲೋ ಎಂಬ ಪ್ರಶ್ನೆ ಒಳಗೆ ಎದ್ದು ನಿಂತಿತ್ತು. ಇವತ್ತು ಹಾಕಿದರೆ ಅದಕ್ಕೆ ಉತ್ತರ ಸಿಕ್ಕಿಬಿಡುತ್ತಿತ್ತು.

ಹೋಸ್ಟೆಟ್ಲರ್ ಹತ್ತಿರ ಹೋಗಿ ಆಗುವುದಿಲ್ಲ ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. ನನ್ನನ್ನು ಒಂದು ಪಕ್ಕಕ್ಕೆ ಕರೆದೊಯ್ದು, ಇಲ್ಲಿರುವ ಯಾರ ಕೈಗೂ ಕಣ್ಣಿಗೂ ಸಿಗದ ತೇವಕ್ಕಾಗಿ ಈ ತಂಡವನ್ನು ಕಳೆದುಕೊಳ್ಳಬೇಕೇ ಎಂದು ಕೇಳಿದರು. ಪಂದ್ಯ ಇವತ್ತು ನಿಂತರೆ ನಿಯಮದ ಪ್ರಕಾರ ಮಂಗಳವಾರ ಎದುರಾಳಿಯ ಊರಲ್ಲಿ. ಮಾಲೀಕರು ಮೇಲೆ ಗಾಜಿನ ಕೋಣೆಯಲ್ಲಿ ಕೂತಿದ್ದಾರೆ, ಅವರಿಗೆ ಬೇಕಾದದ್ದೇ ಇಂಥದೊಂದು ನೆಪ. ನಿಮ್ಮವರ ಮುಖ ನೋಡಿ ಎಂದರು. ನೋಡಿದೆ. ಹದಿಮೂರು ಜನ ಟವೆಲ್ಲು ಹಿಡಿದುಕೊಂಡು ಬುಟ್ಟಿಯ ಹಿಂದೆ ಸಾಲಾಗಿ ನಿಂತಿದ್ದರು. ರೂಡಿ ನನ್ನ ಕಡೆ ತಲೆಯಾಡಿಸುತ್ತಿದ್ದ, ಹಾಕು ಹಾಕು ಎಂಬಂತೆ.

"ಹವೆಯದೇ ತಪ್ಪು ಅಂತ ಬರೆಯೋಣ, ಅಷ್ಟೇ ತಾನೆ?" ಎಂದು ಹೋಸ್ಟೆಟ್ಲರ್ ಕೊನೆಗೆ, ಸೋತ ದನಿಯಲ್ಲಿ ಕೇಳಿದರು.

ಅಲ್ಲಿಗೆ ಬಿಡಬಹುದಿತ್ತು. ಹೂಂ ಎಂದರೆ ಸಾಕಾಗಿತ್ತು.

"ಹವೆಯಲ್ಲ. ದೊಡ್ಡ ಬಾಗಿಲು ಐವತ್ತು ನಿಮಿಷ ತೆಗೆದಿತ್ತು. ಇಳಿಸ್ಲಾ ಅಂತ ಕೇಳಿದ್ರು. ನಾನೇ ಬೇಡ ಅಂದೆ."

ಯಾಕೆ ಎಂದರು.

"ಬಿಸಿಲಿತ್ತು," ಎಂದೆ.

ಅವರೂ ಈ ಊರಲ್ಲೇ ಹುಟ್ಟಿ ಬೆಳೆದವರು. ಆ ಬೆಳಿಗ್ಗೆ ಅವರೂ ಕಾರಿನ ಕಿಟಕಿ ಇಳಿಸಿಕೊಂಡು ಬಂದಿರಬೇಕು. ಖಾಲಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ರೆಫರಿಗಳ ಕಡೆ ನಡೆದರು.

ಮೈಕಿನಲ್ಲಿ ಹೇಳಿದಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಕೂಗು ಶುರುವಾಯಿತು. ಒಂದಿಷ್ಟು ಕಾಗದದ ಲೋಟಗಳು ಅಂಕಣಕ್ಕೆ ಬಂದು ಬಿದ್ದವು. ಮೂರನೆಯ ಸಾಲಿನ ಇಬ್ಬರು ಕೋಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಹೋದರು. ಮ್ಯಾಬ್ರಿ ಬೆಂಚಿನ ಮೇಲೆ ಕೂತು ಅವರು ಹೋಗುವುದನ್ನು ನೋಡಿದ. ಆಮೇಲೆ ಮೊಣಕಾಲ ಪಟ್ಟಿ ಬಿಚ್ಚಿ, ಸುತ್ತಿ, ಚೀಲಕ್ಕೆ ಹಾಕಿಕೊಂಡು ಒಳಗೆ ಹೋದ. ಆ ದಿನ ಅವನು ಕೈಕೊಡಲು ಬರಲಿಲ್ಲ.

ಡಬ್ಬ ಖಾಲಿಯಾಗಲು ಅರ್ಧ ತಾಸು ಹಿಡಿಯಿತು. ಎಷ್ಟೋ ಜನ ಹೊರಗೆ ಹೋಗಿ, ಮನೆಗೆ ಹೋಗದೆ, ಪಾರ್ಕಿಂಗ್ ಜಾಗದಲ್ಲಿ ಬಿಸಿಲಿಗೆ ನಿಂತುಕೊಂಡರಂತೆ.

ಹಾಕಿಯವರ ಅಭ್ಯಾಸ ಮರುದಿನವೇ ಇತ್ತು. ಅದಕ್ಕೆ ನೆಲವನ್ನು ಅಂದೇ ಕೀಳಬೇಕಿತ್ತು. ಒಂದು ಹಲಗೆಗೆ ಇಬ್ಬರು ಬೇಕು. ನಾನು ದಕ್ಷಿಣದ ಮೂಲೆಗೆ ಹೋಗಿ ನಿಂತೆ. ರೂಡಿ ನನ್ನ ಪಕ್ಕದಿಂದ ಹಾದುಹೋಗಿ ಇನ್ನೊಬ್ಬನ ಎದುರು ನಿಂತ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ಬಂದ.

"ನಂಗೆ ಇಬ್ರು ಮಕ್ಳಿದಾರೆ ಬಾಸ್. ನಿಂಗೆ ಗೊತ್ತಲ್ಲ," ಎಂದ.

"ಗೊತ್ತು," ಎಂದೆ.

"ನಾನು ಬಾಗ್ಲು ಕೇಳ್ದಾಗ ಇಳ್ಸು ಅಂದಿದ್ರೆ ಆಗಿತ್ತಲ್ಲ. ಇಲ್ಲ ಅಂದ್ರೆ ಆಮೇಲಾದ್ರೂ ಬಾಯ್ಮುಚ್ಕೊಂಡಿರ್ಬೇಕಿತ್ತು. ಎರಡರಲ್ಲಿ ಒಂದಾದ್ರೂ ಮಾಡ್ಬಾರ್ದಾ?"

ಅವನು ಕಾದು, ಮತ್ತೆ ತನ್ನ ಜಾಗಕ್ಕೆ ಹೋದ. ಹದಿಮೂರು ಜನ ಆರು ಜೋಡಿಯಾದರು. ಮಿಕ್ಕವನು ಬಂಡಿ ತಳ್ಳಲು ಹೋದ. ನನ್ನ ಎದುರು ಯಾರೂ ಇರಲಿಲ್ಲ. ಒಬ್ಬಳೇ ಎತ್ತಲು ಆಗದ್ದರಿಂದ ಹಲಗೆಗಳ ಜೋಡಣೆಯ ಮೊಳೆಗಳನ್ನು ಸಡಿಲ ಮಾಡುತ್ತಾ ಹೋದೆ.

ಅಷ್ಟರಲ್ಲಿ ಹೋಸ್ಟೆಟ್ಲರ್ ಮೇಲಿನ ಗಾಜಿನ ಕೋಣೆಯಿಂದ ಇಳಿದು ಬಂದರು. ಮೊದಲ ಸಾಲಿನ ಕುರ್ಚಿಯ ಮೇಲೆ ಕೋಟು ಹಾಕಿ, ಟೈ ಅಂಗಿಯ ಒಳಗೆ ತುರುಕಿ, ನಾನಿದ್ದ ಹಲಗೆಯ ಇನ್ನೊಂದು ತುದಿಯಲ್ಲಿ ನಿಂತರು. ಮಾಲೀಕರು ಏನೆಂದರು ಎಂದು ನಾನು ಕೇಳಲಿಲ್ಲ. ಅವರ ಮುಖವೇ ಹೇಳುತ್ತಿತ್ತು. ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಂಡು, ನಿಂತು, ಮತ್ತೆ ಬಡಿದುಕೊಳ್ಳುತ್ತಿತ್ತು.

ಅವರು ಎತ್ತಲು ಹೋಗಿ ಬೆರಳು ಜಜ್ಜಿಕೊಂಡರು. ಅಂಚಿಗೆ ಕೈ ಹಾಕಬಾರದು, ಅಡಿಯ ಪಟ್ಟಿಗೆ ಹಾಕಬೇಕು, ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟು ಏಳಬೇಕು ಎಂದು ಹೇಳಿಕೊಟ್ಟೆ. ಎರಡನೆಯ ಸಲ ಹಲಗೆ ಎದ್ದಿತು. ಬಂಡಿಗೆ ಒರಗಿಸಿದ ಮೇಲೆ ಅವರು ಅದರ ಅಡಿಯ ಮುಖಕ್ಕೆ ಅಂಗೈ ಒತ್ತಿ ನೋಡಿದರು. ಪೂರ್ತಿ ಒಣಗಿತ್ತು. ನನ್ನ ಕಡೆ ತಿರುಗಿದರು.

"ಅಡಿ ಯಾವಾಗ್ಲೂ ಒಣಗೇ ಇರುತ್ತೆ," ಎಂದೆ. "ಕೂರೋದು ಮೇಲ್ಗಡೆ."

ಮೇಲ್ಗಡೆಯನ್ನು ಅಷ್ಟು ಹೊತ್ತಿಗೆ ಐದು ಸಾವಿರ ಜನರ ಕೂಗು, ಚೆಲ್ಲಿದ ಬಿಯರು, ಹದಿನಾಲ್ಕು ಜನರ ಬೂಟುಗಳು ದಾಟಿ ಹೋಗಿದ್ದವು. ಅಲ್ಲಿ ಈಗ ನೋಡಲು ಏನೂ ಉಳಿದಿರಲಿಲ್ಲ. ಯಾರೂ ಜಾರಲಿಲ್ಲ, ಆದ್ದರಿಂದ ಜಾರುತ್ತಿದ್ದರೋ ಇಲ್ಲವೋ ಇನ್ನು ಯಾರಿಗೂ ತಿಳಿಯುವುದಿಲ್ಲ, ನನಗೂ.

"ನಾಳೆ ವರದಿಯಲ್ಲಿ ಬಾಗಿಲಿನ ವಿಷಯ ಬರೀಲೇಬೇಕಾಗುತ್ತೆ ಐರೀನ್," ಎಂದರು ಅವರು.

"ಬರೀರಿ," ಎಂದೆ.

ಅವರು ಜಜ್ಜಿದ ಬೆರಳನ್ನು ಒಮ್ಮೆ ಬಾಯಲ್ಲಿಟ್ಟುಕೊಂಡು ತೆಗೆದರು. ನಾನು ಮುಂದಿನ ಹಲಗೆಯ ಮೊಳೆ ಬಿಚ್ಚಿದೆ. ಅವರು ನಾನು ಹೇಳಿಕೊಟ್ಟಂತೆ ಅಡಿಯ ಪಟ್ಟಿಗೆ ಕೈ ಹಾಕಿ, ನಾನು ಉಸಿರು ಬಿಡುವುದನ್ನೇ ಕಾಯುತ್ತಾ ಬಗ್ಗಿ ನಿಂತರು.